ಎಂಟಕ್ಕೆ ಇಳಿದ ಸಿಗರೇಟು, ಇಳಿಯದ ಹೊಗೆ

ಮಂಗಳೂರಿನ ಒಂದು ಆಸ್ಪತ್ರೆಯ ತಂಬಾಕು ಬಿಡಿಸುವ ವಿಭಾಗದಲ್ಲಿ ನಾನು ಆಪ್ತ ಸಮಾಲೋಚಕಿ. ಇದು ನಮ್ಮಲ್ಲಿಗೆ ಬಂದ ಒಬ್ಬ ಸಿಟಿ ಬಸ್ ಡ್ರೈವರ್‌ ಅವರ ಪ್ರಕರಣ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಹೆಸರು ಹಾಕುವುದಿಲ್ಲ. ಎದುರಿಗೆ ಸಿಕ್ಕಾಗ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಇರಲಿ.

ಇಪ್ಪತ್ತು ಸಿಗರೇಟು ಸೇದುತ್ತಿದ್ದವರು ಎಂಟಕ್ಕೆ ಇಳಿದರೂ ಮೈಯೊಳಗಿನ ವಿಷ ಯಾಕೆ ಇಳಿಯಲಿಲ್ಲ ಅನ್ನುವುದು ಈ ಪ್ರಕರಣದ ಪ್ರಶ್ನೆ. ಉತ್ತರ ಹುಡುಕಲು ನಮಗೆ ಸುಮಾರು ಮೂರು ತಿಂಗಳು ಬೇಕಾಯಿತು. ಆ ಮೂರು ತಿಂಗಳಲ್ಲಿ ನನ್ನ ತಪ್ಪೂ ಒಂದಿದೆ.

ಮೊದಲ ಭೇಟಿ

ಜೂನ್ ತಿಂಗಳು, ಮಳೆ ಹಿಡಿದಿತ್ತು. ಅಣ್ಣ ಬಂದದ್ದು ಹೆಂಡತಿಯ ಒತ್ತಾಯಕ್ಕೆ. ವಯಸ್ಸು 46. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್‌ಗೆ ಬಸ್ ಓಡಿಸುತ್ತಾರೆ. ಹದಿನೆಂಟನೇ ವಯಸ್ಸಿನಲ್ಲಿ ಕ್ಲೀನರ್ ಆಗಿದ್ದಾಗ ಸೇದಲು ಶುರು ಮಾಡಿದ್ದು. ಈಗ ದಿನಕ್ಕೆ ಎರಡು ಪ್ಯಾಕು, ಅಂದರೆ ಇಪ್ಪತ್ತು ಸಿಗರೇಟು. ಬೆಳಗ್ಗೆ ಎದ್ದು ಐದು ನಿಮಿಷದೊಳಗೆ ಮೊದಲನೆಯದು ಬೇಕು. ಇದನ್ನು ನಾವು ಎಲ್ಲರಿಗೂ ಮೊದಲೇ ಕೇಳುತ್ತೇವೆ. ಎದ್ದ ತಕ್ಷಣ ಬೇಕು ಅಂದರೆ ನಿಕೋಟಿನ್ ಹಿಡಿತ ಗಟ್ಟಿಯಿದೆ ಅಂತಲೇ ಲೆಕ್ಕ.

ಬೆಳಗಿನ ಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು. ಎದೆಯ ಎಕ್ಸ್‌ರೇಯಲ್ಲಿ ಗಾಬರಿಯಾಗುವಂಥದ್ದು ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಡತಿಯೂ ಆಗಾಗ ಕೆಮ್ಮುತ್ತಿದ್ದರು. ಅವರು ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಆ ದಿನ ನಾನು ಅವರ ಕೆಮ್ಮಿನ ಬಗ್ಗೆ ಏನೂ ಕೇಳಲಿಲ್ಲ.

ನಮ್ಮಲ್ಲಿ ಉಸಿರು ಊದಿಸಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲವನ್ನು ಅಳೆಯುವ ಸಣ್ಣ ಮೀಟರ್ ಇದೆ. ಹದಿನೈದು ಸೆಕೆಂಡ್ ಉಸಿರು ಬಿಗಿಹಿಡಿದು, ಆಮೇಲೆ ಮೆಲ್ಲಗೆ ಪೂರ್ತಿ ಊದಬೇಕು. ಸೇದದವರಲ್ಲಿ ಸಾಮಾನ್ಯವಾಗಿ 6 ಪಿಪಿಎಂಗಿಂತ (ಹತ್ತು ಲಕ್ಷ ಪಾಲು ಉಸಿರಿನಲ್ಲಿ ಆರು ಪಾಲು) ಕಡಿಮೆ ಬರುತ್ತದೆ. ಅಣ್ಣನದ್ದು 26 ಬಂತು.

ಔಷಧಿ ಬೇಡ, ತಾನೇ ಕಡಿಮೆ ಮಾಡಿಕೊಂಡು ಬರುತ್ತೇನೆ ಅಂದರು. ನಾನು ಒಪ್ಪಿದೆ.

ಎರಡನೇ ಭೇಟಿ

ಆರು ವಾರ ಬಿಟ್ಟು ಬಂದರು, ಮುಖದಲ್ಲಿ ಗೆಲುವಿತ್ತು. ಜೇಬಿನಿಂದ ಒಂದು ಚೀಟಿ ತೆಗೆದು ತೋರಿಸಿದರು. ದಿನಕ್ಕೆ ಎಂಟೇ ಎಂಟು. ಅದೂ ಮೊದಲಿನ ಬ್ರಾಂಡ್ ಅಲ್ಲ, ಗಂಟಲಿಗೆ ಹಗುರ ಅಂತ ಹೆಸರಾದ ಬಿಳಿ ಪ್ಯಾಕಿನದ್ದು. ನನಗೆ ಖುಷಿಯಾಯಿತು. ಮೀಟರ್ ಊದಿಸುವ ಮೊದಲೇ ಫೈಲಿನಲ್ಲಿ ‘ಒಳ್ಳೆಯ ಪ್ರಗತಿ’ ಅಂತ ಬರೆದುಬಿಟ್ಟೆ. ಹೇಳಿದೆನಲ್ಲ, ಆ ತಪ್ಪು ಇದು.

ಊದಿದರು. 23 ಬಂತು.

‘ಎಂತ ಮೇಡಂ, ನಿಮ್ಮ ಮಿಷನ್ ಸರಿ ಉಂಟಾ?’ ಅಂದರು. ಕೋಪಕ್ಕಿಂತ ಬೇಸರವೇ ಜಾಸ್ತಿ ಇತ್ತು. ನಾನೇ ಊದಿ ನೋಡಿದೆ, 2 ಬಂತು. ಹತ್ತು ನಿಮಿಷ ಬಿಟ್ಟು ಅವರಿಂದ ಮತ್ತೆ ಊದಿಸಿದೆ. ಮತ್ತೆ 23.

ಒಂದು ಸಾಧ್ಯತೆ ಸಮಯದ್ದು. ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ನಾಲ್ಕೈದು ಗಂಟೆ ಬೇಕು. ಹಾಗಾಗಿ ಬೆಳಗ್ಗೆ ಊದಿದ್ದಕ್ಕೂ ಸಂಜೆ ಊದಿದ್ದಕ್ಕೂ ವ್ಯತ್ಯಾಸ ಬರುತ್ತದೆ. ಆದರೆ ಎರಡೂ ಸಲ ಅವರು ಬಂದದ್ದು ಮಧ್ಯಾಹ್ನದ ಮೂರು ಗಂಟೆಗೆ. ಎರಡೂ ಸಲ ಕೊನೆಯ ಸಿಗರೇಟು ಮುಗಿಸಿ ಒಂದು ಗಂಟೆಯಾಗಿತ್ತು. ಮನೆಯ ಒಲೆಯ ಹೊಗೆ ಇರಬಹುದಾ? ಅಡುಗೆ ಗ್ಯಾಸಿನಲ್ಲಿ. ಬಸ್ಸಿನ ಹೊಗೆ? ಅದು ಜೂನ್‌ನಲ್ಲೂ ಇತ್ತು.

ಸುಳ್ಳು ಹೇಳುತ್ತಿರಬಹುದು ಅನ್ನುವ ಯೋಚನೆ ನನಗೂ ಬಂತು. ನಮ್ಮ ಕೆಲಸದಲ್ಲಿ ಇದು ಸುಲಭದ ಉತ್ತರ. ಆದರೆ ಜೊತೆಗೆ ಬಂದಿದ್ದ ಕಂಡಕ್ಟರ್ ಹುಡುಗ ಒಳಗೆ ಬಂದು, ‘ಇಲ್ಲ ಅಕ್ಕ, ನಿಜವಾಗಿ ಎಂಟೇ. ನಾನೇ ತಂದು ಕೊಡುವುದು’ ಅಂದ. ಅವನ ಮಾತು ನಂಬಬೇಕು ಅನ್ನಿಸಿತು. ಹಾಗಾದರೆ ನೋಡಬೇಕಾದ್ದು ಎಷ್ಟು ಸೇದುತ್ತಾರೆ ಅಂತಲ್ಲ, ಹೇಗೆ ಸೇದುತ್ತಾರೆ ಅಂತ.

ತುಂಡುಗಳ ಡಬ್ಬಿ

ಎರಡು ಕೆಲಸ ಹೇಳಿ ಕಳಿಸಿದೆ. ಎರಡು ದಿನ ಸೇದಿದ ಸಿಗರೇಟಿನ ತುಂಡುಗಳನ್ನು ಬಿಸಾಡದೆ ಒಂದು ಡಬ್ಬಿಯಲ್ಲಿ ಹಾಕಿ ತರಬೇಕು. ಕಂಡಕ್ಟರ್ ಹುಡುಗ ಮೊಬೈಲಿನಲ್ಲಿ ಸಮಯ ನೋಡಿ ದಮ್ಮು ಎಣಿಸಬೇಕು.

ಡಬ್ಬಿಯಲ್ಲಿ ಹದಿನಾರು ತುಂಡು ಬಂತು. ಎಲ್ಲವೂ ಫಿಲ್ಟರ್ ಅಂಚಿನವರೆಗೆ ಸುಟ್ಟಿದ್ದವು. ಫಿಲ್ಟರ್ ಚಪ್ಪಟೆಯಾಗಿತ್ತು, ಅಂದರೆ ಬೆರಳಿನಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದಿದ್ದಾರೆ. ನಾನು ನೋಡಬೇಕೆಂದಿದ್ದು ಬಾಯಿಗೆ ಇಡುವ ತುದಿಯ ಕಲೆಯನ್ನು.

ಹಗುರ ಅನ್ನಿಸುವ ಸಿಗರೇಟುಗಳ ಫಿಲ್ಟರ್ ಸುತ್ತ, ಬಾಯಿಯ ತುದಿಯಿಂದ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಆಚೆ, ಸೂಜಿಮೊನೆಗಿಂತ ಸಣ್ಣ ತೂತುಗಳ ಸಾಲು ಇರುತ್ತದೆ. ಬೆಳಕಿಗೆ ಹಿಡಿದು ನೋಡಿದರೂ ಕೆಲವು ಸಲ ಕಾಣುವುದಿಲ್ಲ. ದಮ್ಮು ಎಳೆದಾಗ ಅಲ್ಲಿಂದ ಹೊರಗಿನ ಗಾಳಿ ಒಳಗೆ ಬಂದು ಹೊಗೆಯನ್ನು ತೆಳು ಮಾಡುತ್ತದೆ. ತೂತು ತೆರೆದಿದ್ದರೆ ಫಿಲ್ಟರ್ ತುದಿಯಲ್ಲಿ ಕಲೆ ಮಧ್ಯದಲ್ಲಿ ಕಡು, ಸುತ್ತ ಬಿಳಿ. ತೂತು ಮುಚ್ಚಿಹೋದರೆ ಇಡೀ ತುದಿ ಒಂದೇ ಸಮ ಕಂದು. ಅಣ್ಣನ ಹದಿನಾರು ತುಂಡುಗಳಲ್ಲಿ ಹದಿಮೂರು ಒಂದೇ ಸಮ ಕಂದಾಗಿದ್ದವು. ತೂತಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಹಗುರದ ಸಿಗರೇಟು ‘ಗಾಳಿ ಎಳೆದ ಹಾಗೆ’ ಆಗುತ್ತಿತ್ತು. ಬೆರಳು ಒತ್ತಿ, ತುಟಿ ಒಳಗೆ ತೆಗೆದುಕೊಂಡರೆ ‘ರುಚಿ’ ಬರುತ್ತಿತ್ತು. ಕೈ ತಾನಾಗಿಯೇ ಕಲಿತುಬಿಟ್ಟಿದೆ.

ಹುಡುಗನ ಲೆಕ್ಕ ಇನ್ನೂ ಮುಖ್ಯ. ಒಂದು ಸಿಗರೇಟಿಗೆ ಸರಾಸರಿ 14 ದಮ್ಮು. ಮೂರೂವರೆ ನಿಮಿಷದಲ್ಲಿ ಮುಗಿಯುತ್ತದೆ. ಅಂದರೆ ಹದಿನೈದು ಸೆಕೆಂಡಿಗೆ ಒಂದು ದಮ್ಮು. ಒಂದೊಂದು ಎಳೆತ ಮೂರು ಸೆಕೆಂಡ್, ಆಮೇಲೆ ಸ್ವಲ್ಪ ಹೊತ್ತು ಒಳಗೇ ಹಿಡಿದು ಬಿಡುತ್ತಾರೆ.

ಯಾಕೆ ಇಷ್ಟು ಅವಸರ? ಟ್ರಿಪ್ ನಡುವೆ ಸಿಗುವುದು ಆರೇಳು ನಿಮಿಷ. ಕೂಳೂರು ಸೇತುವೆಯ ಹತ್ತಿರ ಬ್ಲಾಕ್ ಆದರೆ ಅದೂ ಇಲ್ಲ. ಅದರಲ್ಲೇ ಚಾ, ಮೂತ್ರ, ಸಿಗರೇಟು. ಬಸ್ ನಿಲ್ದಾಣದಲ್ಲಿ ಸೇದುವ ಹಾಗಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅನ್ನುವ ನಿಯಮ 2008ರ ಅಕ್ಟೋಬರ್ 2ರಿಂದ ಇದೆ. ಹಾಗಾಗಿ ಗೋಡೆಯ ಹಿಂದೆ ನಿಂತು, ಯಾರಾದರೂ ನೋಡುತ್ತಾರಾ ಅಂತ ಕಣ್ಣಾಡಿಸುತ್ತಾ ಬೇಗ ಬೇಗ ಎಳೆಯುತ್ತಾರೆ. ಆ ನಿಯಮ ಬೇಕು, ನನಗೆ ಅದರಲ್ಲಿ ಅನುಮಾನವಿಲ್ಲ. ಬಸ್ಸಿಗೆ ಕಾಯುವ ಗರ್ಭಿಣಿ, ಶಾಲೆಯ ಮಕ್ಕಳು ಇವರ ಹೊಗೆ ಕುಡಿಯಬೇಕಾಗಿಲ್ಲ. ಆದರೆ ಅವಸರಕ್ಕೆ ಇದೂ ಒಂದು ಕಾರಣ ಅಂತ ಬರೆದುಕೊಳ್ಳಲೇಬೇಕಾಯಿತು.

ಇನ್ನೊಂದು ಕಾರಣ ಮೈಯೊಳಗೆ. ನಿಕೋಟಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಎರಡು ಗಂಟೆ ಸಾಕು. ಮೊದಲು ಇಪ್ಪತ್ತು ಸೇದುವಾಗ ಆ ಮಟ್ಟ ದಿನವಿಡೀ ಒಂದೇ ಸಮ ಇರುತ್ತಿತ್ತು. ಎಂಟಕ್ಕೆ ಇಳಿದಾಗ ನಡುವಿನ ಅಂತರ ದೊಡ್ಡದಾಯಿತು. ಮೆದುಳು ಮಾತ್ರ ಹಳೆಯ ಮಟ್ಟವನ್ನೇ ಕೇಳುತ್ತದೆ. ಎಳೆದ ಹೊಗೆಯ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮೆದುಳು ಮುಟ್ಟುವುದರಿಂದ, ಸಾಕಾ ಬೇಕಾ ಅಂತ ಪ್ರತಿ ದಮ್ಮಿಗೂ ಮೈಗೆ ಗೊತ್ತಾಗುತ್ತದೆ. ಸಾಲದಿದ್ದರೆ ಮುಂದಿನ ದಮ್ಮು ಇನ್ನಷ್ಟು ಉದ್ದ. ಇದನ್ನು ಯಾರೂ ಯೋಚನೆ ಮಾಡಿ ಮಾಡುವುದಿಲ್ಲ. ಒಂದು ಸಿಗರೇಟಿನ ತಂಬಾಕಿನಲ್ಲಿ 10ರಿಂದ 14 ಮಿಲಿಗ್ರಾಂ ನಿಕೋಟಿನ್ ಇರುತ್ತದೆ, ಮೈಗೆ ಸೇರುವುದು ಸಾಮಾನ್ಯವಾಗಿ 1ರಿಂದ 1.5 ಮಿಲಿಗ್ರಾಂ. ಅಂದರೆ ಹೆಚ್ಚು ಹಿಂಡಿಕೊಳ್ಳಲು ಪ್ರತಿ ಸಿಗರೇಟಿನಲ್ಲೂ ಬೇಕಾದಷ್ಟು ಉಳಿದಿರುತ್ತದೆ.

ನಿಕೋಟಿನ್‌ಗಾಗಿ ಎಳೆದರೂ ಬರುವುದು ಅದೊಂದೇ ಅಲ್ಲ, ಇದೇ ನನ್ನ ಚಿಂತೆ. ಜೋರಾಗಿ ಎಳೆದಾಗ ಕೆಂಡ 900 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ಸುಮ್ನೆ ಉರಿದು ಗಾಳಿಗೆ ಹೋಗಬೇಕಾಗಿದ್ದ ತಂಬಾಕು ಕೂಡ ದಮ್ಮಿನಲ್ಲಿ ಸುಟ್ಟು ಬಾಯಿಗೆ ಬರುತ್ತದೆ. ಟಾರ್ ಅನ್ನುವ ಅಂಟು ಕಲ್ಮಶ, ಕಾರ್ಬನ್ ಮೊನಾಕ್ಸೈಡ್, ಫಾರ್ಮಾಲ್ಡಿಹೈಡ್, ಅಕ್ರೋಲಿನ್, ಬೆನ್ಜೋಪೈರಿನ್, ತಂಬಾಕಿನದ್ದೇ ಆದ ನೈಟ್ರೋಸಮೈನ್‌ಗಳು, ಹೀಗೆ ಹೊಗೆಯ ವಿಷಗಳೆಲ್ಲವೂ ಜಾಸ್ತಿ. ಒಳಗೆ ಹಿಡಿದಿಟ್ಟರೆ ನಿಕೋಟಿನ್‌ಗೆ ಅಷ್ಟೇನೂ ಲಾಭವಿಲ್ಲ, ಅದು ಮೊದಲೇ ಹೀರಿಕೊಂಡಾಗಿರುತ್ತದೆ. ಕಾರ್ಬನ್ ಮೊನಾಕ್ಸೈಡ್ ಮಾತ್ರ ಇನ್ನಷ್ಟು ರಕ್ತಕ್ಕೆ ಇಳಿಯುತ್ತದೆ. ಅಣ್ಣನ 23ಕ್ಕೆ ಇದೂ ಕಾರಣವಿರಬೇಕು.

ಅವರಿಗೆ ಇದನ್ನೆಲ್ಲ ಬಾಯಲ್ಲಿ ಹೇಳಿದರೆ ತಲೆಗೆ ಹೋಗಲಿಲ್ಲ. ಡ್ರೈವರ್‌ಗೆ ಡೀಸೆಲ್ ಲೆಕ್ಕ ಗೊತ್ತಲ್ಲ ಅಂತ ಕಾಗದದ ಮೇಲೆ ಲೆಕ್ಕ ಹಾಕಿದೆ. ದಮ್ಮಿನ ಗಾತ್ರ ಅಳೆಯಲು ನಮ್ಮಲ್ಲಿ ಉಪಕರಣ ಇಲ್ಲ, ಆದ್ದರಿಂದ ಇದು ಅಂದಾಜಿನ ಲೆಕ್ಕ. ಮೊದಲು 20 ಸಿಗರೇಟು, ಒಂದಕ್ಕೆ 10 ದಮ್ಮು, ಒಂದು ದಮ್ಮಿಗೆ 40 ಮಿಲಿಲೀಟರ್ ಅಂತ ಇಟ್ಟುಕೊಳ್ಳಿ. ಒಟ್ಟು 8,000 ಮಿಲಿಲೀಟರ್ ಹೊಗೆ. ಈಗ 8 ಸಿಗರೇಟು, 14 ದಮ್ಮು, ದಮ್ಮಿಗೆ 60 ಮಿಲಿಲೀಟರ್. ಒಟ್ಟು 6,720. ಸಿಗರೇಟು ಅರ್ಧಕ್ಕಿಂತ ಕೆಳಗೆ ಬಂದಿದೆ, ಹೊಗೆ ಆರರಲ್ಲಿ ಒಂದು ಪಾಲೂ ಇಳಿದಿಲ್ಲ. ಅಣ್ಣ ಆ ಕಾಗದವನ್ನು ತುಂಬಾ ಹೊತ್ತು ನೋಡಿದರು. ‘ಅಂದರೆ ಟ್ರಿಪ್ ಕಡಿಮೆ ಆಯ್ತು, ಡೀಸೆಲ್ ಅಷ್ಟೇ ಹೋಯ್ತು’ ಅಂದರು.

ಇದು ಅಣ್ಣನೊಬ್ಬರ ಕಥೆಯಲ್ಲ. 1986ರಲ್ಲೇ ಅಮೆರಿಕದ ವೈದ್ಯರು ದಿನಕ್ಕೆ ಸರಾಸರಿ 37 ಸೇದುತ್ತಿದ್ದವರನ್ನು 5ಕ್ಕೆ ಇಳಿಸಿ ನೋಡಿದ್ದರು. ಒಂದೊಂದು ಸಿಗರೇಟಿನಿಂದ ಮೈಗೆ ಸೇರಿದ ನಿಕೋಟಿನ್ ಮತ್ತು ಟಾರ್ ಸುಮಾರು ಮೂರು ಪಟ್ಟಾಯಿತು. ದಿನದ ಒಟ್ಟು ಲೆಕ್ಕದಲ್ಲಿ ಇಳಿದದ್ದು ಅರ್ಧ ಮಾತ್ರ.

ಬಿಳಿ ಪ್ಯಾಕಿನ ವಿಷಯಕ್ಕೆ ಬರುತ್ತೇನೆ. ಸಿಗರೇಟಿನ ಟಾರ್, ನಿಕೋಟಿನ್ ಅಳೆಯುವುದು ಯಂತ್ರದಲ್ಲಿ. ಹಳೆಯ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಯಂತ್ರ ನಿಮಿಷಕ್ಕೆ ಒಂದೇ ದಮ್ಮು ಎಳೆಯುತ್ತದೆ. 35 ಮಿಲಿಲೀಟರ್, ಎರಡು ಸೆಕೆಂಡ್. ಯಂತ್ರಕ್ಕೆ ಬೆರಳಿಲ್ಲ, ತೂತು ಮುಚ್ಚುವುದಿಲ್ಲ. ಅದಕ್ಕೆ ಚಟವಿಲ್ಲ, ಟ್ರಿಪ್ಪಿನ ಅವಸರವೂ ಇಲ್ಲ. ತೂತು ಮಾಡಿದರೆ ಯಂತ್ರದಲ್ಲಿ ಸಂಖ್ಯೆ ಚೆನ್ನಾಗಿ ಇಳಿಯುತ್ತದೆ, ಮನುಷ್ಯನಲ್ಲಿ ಇಳಿಯುವುದಿಲ್ಲ. ಕೆನಡಾದವರು ಆಮೇಲೆ ತೂತು ಪೂರ್ತಿ ಮುಚ್ಚಿ, 55 ಮಿಲಿಲೀಟರ್‌ನಂತೆ ಅರ್ಧ ನಿಮಿಷಕ್ಕೊಂದು ದಮ್ಮು ಎಳೆಯುವ ಪದ್ಧತಿ ತಂದರು. ಅಮೆರಿಕದ ವ್ಯಾಪಾರ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 1967ರಿಂದ ಬಳಸುತ್ತಿದ್ದ ಯಂತ್ರದ ಅಳತೆಗೆ ಕೊಟ್ಟಿದ್ದ ಬೆಂಬಲವನ್ನು 2008ರಲ್ಲಿ ಹಿಂತೆಗೆದುಕೊಂಡಿತು. ನಮ್ಮ ದೇಶದಲ್ಲೂ ಪ್ಯಾಕಿನ ಮೇಲೆ ‘ಲೈಟ್’, ‘ಮೈಲ್ಡ್’ ಅಂತ ಬರೆಯುವ ಹಾಗಿಲ್ಲ. ಪದ ಹೋಯಿತು, ಬಿಳಿ ಬಣ್ಣ ಉಳಿಯಿತು. ಗೂಡಂಗಡಿಯವನು ‘ಇದು ಹಗುರ’ ಅಂತ ಹೇಳಿಯೇ ಕೊಡುತ್ತಾನೆ.

ಗಂಟಲಿಗೆ ಹಗುರವಾದ ಹೊಗೆಯನ್ನು ಜನ ಇನ್ನೂ ಆಳಕ್ಕೆ ಎಳೆಯುತ್ತಾರೆ. 1950ರ ದಶಕದಿಂದ ಸಿಗರೇಟಿನ ರಚನೆಯಲ್ಲಿ ಆದ ಬದಲಾವಣೆಗಳಿಂದ ಶ್ವಾಸಕೋಶದ ಅಡಿನೋಕಾರ್ಸಿನೋಮಾ ಅನ್ನುವ ಕ್ಯಾನ್ಸರ್ ಸೇದುವವರಲ್ಲಿ ಹೆಚ್ಚಿತು ಅಂತ ಅಮೆರಿಕದ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ, ಅಂದರೆ ಸರ್ಜನ್ ಜನರಲ್ ಅವರ 2014ರ ವರದಿ ಹೇಳುತ್ತದೆ. ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಶ್ವಾಸಕೋಶದ ಹೊರ ಅಂಚಿನ ಭಾಗದಲ್ಲಿ, ಆಳಕ್ಕೆ ಎಳೆದ ಹೊಗೆ ಮುಟ್ಟುವ ಕಡೆ.

ಬೀಡಿಯ ತಿಂಗಳು

ಇಷ್ಟೆಲ್ಲ ಮಾತಾದ ಮೇಲೆ ಅಣ್ಣ ತಾವೇ ಒಂದು ದಾರಿ ಹುಡುಕಿಕೊಂಡರು. ಸಿಗರೇಟು ಬಿಟ್ಟು ಬೀಡಿಗೆ ಹೋದರು.

ಕರಾವಳಿಯಲ್ಲಿ ಬೀಡಿಯ ಬಗ್ಗೆ ಮಾತಾಡುವುದು ಸುಲಭವಲ್ಲ. ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು, ಹೆಣ್ಣುಮಕ್ಕಳ ಮದುವೆ, ಮಾಡಿನ ಹಂಚು ಬಂದದ್ದು ಬೀಡಿಯಿಂದ. ಅಣ್ಣನ ತಾಯಿ ಕಟ್ಟುತ್ತಿದ್ದರು, ಈಗ ಹೆಂಡತಿ ಕಟ್ಟುತ್ತಾರೆ. ಎಲೆ, ಹೊಗೆಸೊಪ್ಪು, ನೂಲು ತಂದು, ಕಟ್ಟಿ, ವಾರಕ್ಕೆ ಕೆಲವು ದಿನ ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿ ಒಪ್ಪಿಸುತ್ತಾರೆ. ಮನೆಯ ಬೀಡಿ ಲೆಕ್ಕದ್ದು, ಒಂದನ್ನೂ ಮುಟ್ಟುವ ಹಾಗಿಲ್ಲ. ಅಣ್ಣ ಅಂಗಡಿಯಿಂದ ಕಟ್ಟು ತರುತ್ತಿದ್ದರು. ‘ಎಲೆಯಲ್ಲಿ ಸುತ್ತಿದ್ದು ಅಲ್ವಾ ಮೇಡಂ, ಕಾಗದ ಇಲ್ಲ, ಕೆಮಿಕಲ್ ಇಲ್ಲ’ ಅಂದರು. ಹೀಗೆ ನಂಬುವವರು ತುಂಬಾ ಜನ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಬೀಡಿ ಸೇದುವವರು ಶೇ. 7.7, ಸಿಗರೇಟು ಸೇದುವವರು ಶೇ. 4.

ಆಗಸ್ಟ್ ಕೊನೆಗೆ ಊದಿಸಿದಾಗ 29 ಬಂತು. ಇಪ್ಪತ್ತು ಸಿಗರೇಟಿನ ದಿನಗಳಿಗಿಂತಲೂ ಜಾಸ್ತಿ.

ಬೀಡಿಯಲ್ಲಿ ತಂಬಾಕು ಕಡಿಮೆ, ಸುಮಾರು 0.2 ಗ್ರಾಂ. ಸಿಗರೇಟಿನಲ್ಲಿ ಅದರ ಮೂರು ಪಟ್ಟಿಗಿಂತ ಹೆಚ್ಚು. ಆದರೆ ಬೀಡಿ ಎಲೆ ಸಿಗರೇಟಿನ ಕಾಗದದ ಹಾಗೆ ಗಾಳಿ ಬಿಡುವುದಿಲ್ಲ, ತಾನಾಗಿ ಉರಿಯುತ್ತಲೂ ಇರುವುದಿಲ್ಲ. ಸ್ವಲ್ಪ ಹೊತ್ತು ಎಳೆಯದಿದ್ದರೆ ಆರಿಹೋಗುತ್ತದೆ. ಆರಬಾರದು ಅಂದರೆ ಬಿಡದೆ, ಜೋರಾಗಿ ಎಳೆಯುತ್ತಲೇ ಇರಬೇಕು. ಅದರಲ್ಲೂ ಆಗಸ್ಟಿನ ತೇವದಲ್ಲಿ! ಫಿಲ್ಟರ್ ಇಲ್ಲ. ಅವಸರದಲ್ಲಿ ಎಳೆದು ಅಭ್ಯಾಸವಾದ ಬಾಯಿಗೆ ಸದಾ ಅವಸರ ಮಾಡಿಸುವ ವಸ್ತು ಸಿಕ್ಕಿತು.

ನಮ್ಮ ವಿಭಾಗಕ್ಕೆ ಕಲಿಯಲು ಬಂದಿದ್ದ ವಿದ್ಯಾರ್ಥಿನಿ ಒಂದು ಪ್ರಶ್ನೆ ಕೇಳಿದಳು. ಹಾಗಾದರೆ ಮೆಲ್ಲಗೆ ಎಳೆಯಿರಿ, ತೂತು ಮುಚ್ಚಬೇಡಿ ಅಂತ ಕಲಿಸಬಹುದಲ್ಲ? ಒಳ್ಳೆಯ ಪ್ರಶ್ನೆ, ನಾನೂ ಹಿಂದೆ ಹೀಗೆ ಯೋಚಿಸಿದ್ದೆ. ಈಗ ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಎಳೆತ ನಡೆಸುವುದು ನಿಕೋಟಿನ್‌ನ ಹಸಿವು. ಆ ಹಸಿವು ಹಾಗೇ ಇರುವಾಗ ಮೆಲ್ಲಗೆ ಎಳೆದವರು ಇನ್ನೊಂದು ಹಚ್ಚುತ್ತಾರೆ. ಇನ್ನು ಹೃದಯದ ಲೆಕ್ಕ ಬೇರೆಯೇ ಇದೆ. ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ, ಇಪ್ಪತ್ತು ಸೇದುವವರಿಗೆ ಹೆಚ್ಚುವ ಹೃದ್ರೋಗದ ಅಪಾಯದ ಸುಮಾರು ಅರ್ಧದಷ್ಟು ಇರುತ್ತದೆ ಅಂತ 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ತೋರಿಸಿದರು.

ಕಡಿಮೆ ಮಾಡುವುದು ದಂಡ ಅಂತ ನಾನು ಹೇಳುತ್ತಿಲ್ಲ. ಅಣ್ಣ ಆರು ವಾರ ಎಂಟಕ್ಕೆ ನಿಂತದ್ದು ದೊಡ್ಡ ಛಲ. ಆ ಛಲವನ್ನು ಬೇರೆ ಆಸರೆ ಕೊಡದೆ ಒಂಟಿಯಾಗಿ ಬಿಟ್ಟದ್ದು ನಾನು.

ಗಮ್ಮಿನ ಅವಸರ

ಈ ಸಲ ಡಾಕ್ಟರ್ ಜೊತೆ ಕೂತು ಮಾತಾಡಿದೆವು. ಹೊಗೆಯನ್ನು ಪೂರ್ತಿ ನಿಲ್ಲಿಸುವುದು, ನಿಕೋಟಿನ್ ಹಸಿವಿಗೆ ಬೇರೆ ದಾರಿಯಲ್ಲಿ ಸ್ವಲ್ಪ ಸ್ವಲ್ಪ ಕೊಟ್ಟು ಇಳಿಸುವುದು. ದಿನವಿಡೀ ಮೆಲ್ಲಗೆ ಕೊಡಲು ತೋಳಿಗೆ ಅಂಟಿಸುವ 21 ಮಿಲಿಗ್ರಾಂನ ನಿಕೋಟಿನ್ ಪ್ಯಾಚ್, ಟ್ರಿಪ್ ಮುಗಿದಾಗ ಬರುವ ಆಸೆಗೆ ಜಗಿಯುವ 2 ಮಿಲಿಗ್ರಾಂನ ನಿಕೋಟಿನ್ ಗಮ್. ಚೌತಿಯ ಮರುದಿನ ಬೆಳಗ್ಗೆ ನಿಲ್ಲಿಸುವುದು ಅಂತ ಅಣ್ಣನೇ ದಿನ ಇಟ್ಟರು.

ನಾಲ್ಕನೇ ದಿನವೇ ಫೋನ್ ಬಂತು. ‘ಮೇಡಂ, ಈ ಗಮ್ ಆಗುವುದಿಲ್ಲ. ಬಿಕ್ಕಳಿಕೆ, ಹೊಟ್ಟೆ ತೊಳೆಸುತ್ತದೆ.’ ಬಂದು ಜಗಿದು ತೋರಿಸಿ ಅಂದೆ. ಎಲೆ ಅಡಿಕೆ ಜಗಿಯುವ ಹಾಗೆ ಜಗಿದರು, ಒಂದು ನಿಮಿಷದಲ್ಲಿ ರಸ ನುಂಗಿದರು. ಅದೇ ಅವಸರ, ಈಗ ಬಾಯಿಯ ಇನ್ನೊಂದು ಕೆಲಸದಲ್ಲಿ. ಗಮ್ಮಿನ ನಿಕೋಟಿನ್ ಕೆನ್ನೆಯ ಒಳಪದರದಿಂದ ಹೀರಬೇಕು. ಮೆಲ್ಲಗೆ ಕೆಲವು ಸಲ ಜಗಿದು, ಖಾರ ಹತ್ತಿದ ತಕ್ಷಣ ಕೆನ್ನೆ ಮತ್ತು ವಸಡಿನ ನಡುವೆ ಇಡಬೇಕು. ಖಾರ ಹೋದರೆ ಮತ್ತೆ ಜಗಿಯಬೇಕು. ಒಂದು ಗಮ್ ಅರ್ಧ ಗಂಟೆ. ನುಂಗಿದರೆ ಹೊಟ್ಟೆಗೆ ಹೋಗಿ ಹೀಗೇ ಆಗುತ್ತದೆ.

ಇನ್ನೊಂದು ತೊಡಕು ಚಾ. ಗಮ್ಮಿಗೆ ಹದಿನೈದು ನಿಮಿಷ ಮೊದಲಿನಿಂದ ಚಾ, ಕಾಫಿ, ಸೋಡಾ ಬೇಡ, ಬಾಯಿಯ ಹುಳಿಗೆ ನಿಕೋಟಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ. ಆರು ನಿಮಿಷದ ವಿರಾಮದಲ್ಲಿ ಇದು ಹೇಗೆ? ದಾರಿ ತೋರಿಸಿದ್ದು ಕಂಡಕ್ಟರ್ ಹುಡುಗ. ಬೈಕಂಪಾಡಿ ದಾಟಿದ ಮೇಲೆ ಅವನು ನೆನಪಿಸುತ್ತಾನೆ, ಅಣ್ಣ ಓಡಿಸುತ್ತಲೇ ಗಮ್ ಬಾಯಿಗೆ ಹಾಕುತ್ತಾರೆ. ಸುರತ್ಕಲ್‌ನಲ್ಲಿ ಇಳಿಯುವಾಗ ಹಸಿವು ಅರ್ಧ ಇಳಿದಿರುತ್ತದೆ. ಚಾ ಸ್ಟೇಟ್ ಬ್ಯಾಂಕ್‌ನಲ್ಲಿ ಮಾತ್ರ, ಗೋಡೆಯ ಹಿಂದೆ ಅಲ್ಲ, ಬಸ್ಸಿನ ಮೆಟ್ಟಿಲಲ್ಲಿ ಕೂತು. ನನ್ನ ಯಾವ ಪುಸ್ತಕದಲ್ಲೂ ಇಂಥ ಸಲಹೆ ಇರಲಿಲ್ಲ.

ಮೂರನೇ ವಾರ 5 ಬಂತು. ಡಿಸೆಂಬರ್‌ನಲ್ಲಿ ಊರ ಭೂತಕೋಲದ ರಾತ್ರಿ ಜಾಗರಣೆ ಕೂತಾಗ ಎರಡು ಬೀಡಿ ಎಳೆದರು. ಮರುದಿನ ತಾವೇ ಫೋನ್ ಮಾಡಿ ಹೇಳಿದರು. ಪ್ಯಾಚ್ 14ಕ್ಕೆ ಇಳಿಸಿದ್ದೆವು, ಇನ್ನೆರಡು ವಾರ ಅಲ್ಲೇ ನಿಲ್ಲಿಸಿದೆವು. ಆಮೇಲೆ 7, ಆಮೇಲೆ ಇಲ್ಲ. ಮಾರ್ಚ್‌ನಲ್ಲಿ ಊದಿದಾಗ 2, ನನ್ನಷ್ಟೇ. ಈ ಮೀಟರ್ ಹೇಳುವುದು ಹಿಂದಿನ ಒಂದು ದಿನದ ಕಥೆ ಮಾತ್ರ ಅಂತ ಓದುಗರಿಗೂ ಗೊತ್ತಿರಲಿ. ಅದರಾಚೆಗೆ ನಾನು ನಂಬಿರುವುದು ಅವರ ಮಾತು, ಹುಡುಗನ ಮಾತು, ಮತ್ತು ಬೆಳಗಿನ ಕೆಮ್ಮು ನಿಂತಿರುವುದನ್ನು.

1951ರಿಂದ ಐವತ್ತು ವರ್ಷ ಬ್ರಿಟನ್ನಿನ ವೈದ್ಯರನ್ನೇ ಗಮನಿಸಿದ ಅಧ್ಯಯನವೊಂದಿದೆ. 40ರಲ್ಲಿ ಬಿಟ್ಟವರಿಗೆ ಸುಮಾರು 9 ವರ್ಷ, 50ರಲ್ಲಿ ಬಿಟ್ಟವರಿಗೆ ಸುಮಾರು 6 ವರ್ಷ ಆಯುಸ್ಸು ಉಳಿಯಿತು ಅಂತ ಅದು ಹೇಳುತ್ತದೆ. ಅಣ್ಣ ಈ ಎರಡರ ನಡುವೆ ಇದ್ದಾರೆ. ಹೇಳಿದಾಗ ಬೆರಳಲ್ಲಿ ಏನೋ ಲೆಕ್ಕ ಹಾಕಿದರು. ಮಗಳು ಪಿಯುಸಿಯಲ್ಲಿ ಇದ್ದಾಳೆ.

ಆ ದಿನ ಹೆಂಡತಿಯೂ ಬಂದಿದ್ದರು. ಎದ್ದು ಹೊರಡುವಾಗ, ‘ನನ್ನನ್ನೂ ಒಮ್ಮೆ ಊದಿಸಿ ನೋಡಿ’ ಅಂದರು. ಊದಿದರು, 3 ಬಂತು. ‘ಹಾಗಾದರೆ ನನಗೆ ಎಂತ ಇಲ್ಲ’ ಅಂತ ಕೊಡೆ ಎತ್ತಿಕೊಂಡರು. ನಾನು ಅವರನ್ನು ಮತ್ತೆ ಕೂರಿಸಿದೆ. ಈ ಮೀಟರ್‌ಗೆ ತಿಳಿಯುವುದು ಸುಟ್ಟ ಹೊಗೆ ಮಾತ್ರ. ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ವರ್ಷಗಟ್ಟಲೆ ಉಸಿರಾಡಿದ ಹೊಗೆಸೊಪ್ಪಿನ ಧೂಳು, ಬೆರಳಿನ ಚರ್ಮದಿಂದ ಒಳಗೆ ಹೋದ ನಿಕೋಟಿನ್ ಇದರಲ್ಲಿ ಕಾಣುವುದಿಲ್ಲ. ಎಷ್ಟು ವರ್ಷದಿಂದ ಕಟ್ಟುತ್ತಿದ್ದೀರಿ ಅಕ್ಕ, ಕೆಮ್ಮು ಯಾವಾಗ ಶುರುವಾಯಿತು ಅಂತ ಕೇಳಿದೆ. ಜೂನ್‌ನಲ್ಲೇ ಕೇಳಬೇಕಾಗಿದ್ದ ಪ್ರಶ್ನೆ. ಅವರ ಹೆಸರಿನಲ್ಲಿ ಬೇರೆ ಫೈಲ್ ತೆರೆದು, ಎದೆಯ ಡಾಕ್ಟರಿಗೆ ಬುಧವಾರದ ಚೀಟಿ ಬರೆದುಕೊಟ್ಟೆ.